ದತ್ತಾತ್ರೇಯ ಎಂದರೆ ಕ್ಷೇಮ

ನನ್ನ ಗಂಡನನ್ನು ಕುರಿತು ಏನಾದರೂ ಬರೆಯಬೇಕಾದರೆ ಮೊದಲು ಆ ಬೈಂಡರಿನ ವಿಷಯ ಬರೆಯಬೇಕು. ನೆನೆಸಿಕೊಂಡರೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಬಿಳಿ ರಟ್ಟಿನ, ಮೂರು ಉಂಗುರದ ಬೈಂಡರು. ಬಾತ್‌ರೂಮಿನ ತೂಕದ ಮೆಷೀನಿನ ಮೇಲಿಟ್ಟರೆ ಆರು ಪೌಂಡು ತೋರಿಸುತ್ತಿತ್ತು. ಬೆನ್ನಿನ ಮೇಲೆ ಇವರ ದುಂಡನೆಯ ಅಕ್ಷರದಲ್ಲಿ ‘ಮಾನ್ಯಾ, ಮೆಕ್ಸಿಕೊ, 1996’. ಒಳಗೆ ಮ್ಯಾಪು, ಹೋಟೆಲಿನ ಕಾಗದ, ಬಸ್ಸಿನ ವೇಳಾಪಟ್ಟಿಗಳ ದಪ್ಪ ಕಂತೆ, ಅದರ ಮೇಲೆ ಇಪ್ಪತ್ತೊಂದು ದಿನಕ್ಕೆ ಇಪ್ಪತ್ತೊಂದು ಹಾಳೆ, ಒಂದೊಂದು ಹಾಳೆಯಲ್ಲೂ ಹದಿನೈದು ನಿಮಿಷಕ್ಕೊಂದು ಸಾಲು. ಏಳುವುದು, ಸ್ನಾನ, ಬಸ್ ಸ್ಟ್ಯಾಂಡಿಗೆ ನಡಿಗೆ, ಮ್ಯೂಸಿಯಂ, ಮಧ್ಯಾಹ್ನ ಒಂದೂಕಾಲಿನಿಂದ ಒಂದೂವರೆವರೆಗೆ ವಿಶ್ರಾಂತಿ. ವಿಶ್ರಾಂತಿಯ ಕೆಳಗೆ ಎರಡು ಗೆರೆ. ಇಪ್ಪತ್ತು ವರ್ಷದ ಹುಡುಗಿ ಒಬ್ಬಳೇ ದೇಶ ಸುತ್ತಲು ಹೊರಟರೆ, ಅವಳಿಗೆ ಯಾವಾಗ ಸುಸ್ತಾಗಬೇಕು ಎಂಬುದನ್ನೂ ಈ ಮನುಷ್ಯ ಅಮೆರಿಕದ ನಮ್ಮ ಊರು ಜರ್ಮನ್‌ಟೌನಿನಲ್ಲಿ ಕೂತು ಗೊತ್ತುಮಾಡಿದ್ದರು. ಇದಕ್ಕೆಲ್ಲ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ನಮ್ಮ ಊಟದ ಟೇಬಲ್ಲಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ.

ಇವರ ಹೆಸರು ಕೇಶವಮೂರ್ತಿ, ಮೈಸೂರಿನವರು. ಕೌಂಟಿಯ ಸಾರಿಗೆ ಆಫೀಸಿನಲ್ಲಿ ಬಸ್ಸುಗಳ ಟೈಮ್‌ಟೇಬಲ್ ಬರೆಯುವ ಕೆಲಸ. ನಮ್ಮ ಕಡೆಯ ಅಪಾರ್ಟ್‌ಮೆಂಟುಗಳಿಂದ ಮೆಟ್ರೋ ಸ್ಟೇಷನ್ನಿಗೆ ಹೋಗುವ ಬಸ್ಸು ಬೆಳಿಗ್ಗೆ ಆರು ಐವತ್ತೆರಡಕ್ಕೇ ಏಕೆ ಹೊರಡುತ್ತದೆ, ಐವತ್ತಕ್ಕೆ ಏಕಿಲ್ಲ ಎಂದು ಕೇಳಿದರೆ ಅರ್ಧ ಗಂಟೆ ಹೇಳಬಲ್ಲರು. ಕೇಳದಿದ್ದರೂ ಹೇಳುತ್ತಾರೆ. ಆ ಬಸ್ಸನ್ನು ಮಾತ್ರ ಇವರು ಹದಿನೇಳು ವರ್ಷದಲ್ಲಿ ಒಮ್ಮೆಯೂ ಹತ್ತಿಲ್ಲ. “ಬಸ್ಸನ್ನ ನಂಬ್ಕೊಂಡ್ರೆ ಟೈಮಿಗೆ ಆಫೀಸ್ ಸೇರಕ್ಕಾಗುತ್ತಾ?” ಎಂದು ಕಾರಿನಲ್ಲಿ ಹೋಗುತ್ತಾರೆ. ಮದುವೆಯಾದ ಹೊಸತರಲ್ಲಿ ನಯಾಗರ ನೋಡಲು ಹೋದಾಗ ಜಲಪಾತಕ್ಕೆ ನಲವತ್ತು ನಿಮಿಷ ಕೊಟ್ಟಿದ್ದರು. ನಲವತ್ತೊಂದನೆಯ ನಿಮಿಷದಲ್ಲಿ ನಾನಿನ್ನೂ ಕಂಬಿ ಹಿಡಿದು ನಿಂತಿದ್ದೆ, ಇವರು ಕಾರು ಸ್ಟಾರ್ಟ್ ಮಾಡಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಎಲ್ಲವನ್ನೂ ನಮ್ಮ ಒಳ್ಳೆಯದಕ್ಕೇ ಮಾಡುತ್ತಾರೆ, ಅದೇ ನನ್ನ ಕರ್ಮ.

ಫೆಬ್ರವರಿಯ ಒಂದು ಭಾನುವಾರ ಮಗಳು ಮಾನ್ಯಾ ತಾನು ಓದುತ್ತಿದ್ದ ಕಾಲೇಜ್ ಪಾರ್ಕ್ ಊರಿನಿಂದ ಬಟ್ಟೆ ಒಗೆದುಕೊಳ್ಳಲು ಮನೆಗೆ ಬಂದಿದ್ದಳು. ಬಿಸಿಬೇಳೆಬಾತಿನ ತಟ್ಟೆಯ ಮುಂದೆ ಕೂತು, “ಅಪ್ಪ, ಜೂನ್‌ನಲ್ಲಿ ನಾನು ಮೆಕ್ಸಿಕೊ ಹೋಗ್ತೀನಿ. ತ್ರೀ ವೀಕ್ಸ್,” ಎಂದಳು. ಒಂಬತ್ತನೇ ಕ್ಲಾಸಿನಿಂದ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ, ಬೇಕರಿಯಲ್ಲಿ ಕೆಲಸ ಮಾಡಿ ಟಿಕೆಟ್ಟಿಗೆ ಕೂಡಿಟ್ಟುಕೊಂಡಿದ್ದಾಳೆ.

“ಯಾರ್ ಜೊತೆ?” ಎಂದರು ಇವರು.

“ಯಾರೂ ಇಲ್ಲ. ಬೈ ಮೈಸೆಲ್ಫ್.”

ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಿದ್ದರೆ ಎಷ್ಟೋ ವಾಸಿ. ಇವರು ಕೈ ತೊಳೆದು ಬಂದು ಹೊಸ ಪೆನ್ಸಿಲ್ಲೊಂದನ್ನು ಚೂಪು ಮಾಡತೊಡಗಿದರು. ಹಾಕಿದ ಷರತ್ತು ಒಂದೇ. “ಪ್ರತಿ ಊರು ಮುಟ್ಟಿದ್ ತಕ್ಷಣ, ನಮ್ ಟೈಮು ಸಂಜೆ ಏಳರೊಳಗೆ ಫೋನ್ ಬರ್ಬೇಕು. ಒಂದ್ ಫೋನ್ ತಪ್ಪಿದ್ರೂ ನೆಕ್ಸ್ಟ್ ಫ್ಲೈಟಲ್ಲಿ ನಾನೇ ಬಂದು ಕರ್ಕೊಂಡ್ ಬರ್ತೀನಿ.” ತಮಾಷೆಗೆ ಹೇಳಿದ್ದಲ್ಲ. ಆಫೀಸಿನಲ್ಲಿ ರಜೆ ಎತ್ತಿಟ್ಟರು, ಮೇ ತಿಂಗಳಲ್ಲೇ ತಮ್ಮದೊಂದು ಸಣ್ಣ ಸೂಟ್‌ಕೇಸು ತುಂಬಿ ಮುಂಬಾಗಿಲ ಪಕ್ಕದ, ಕೋಟು ನೇತುಹಾಕುವ ಕ್ಲಾಸೆಟ್ಟಿನಲ್ಲಿಟ್ಟರು.

ಹೆಣ್ಣುಮಗಳು ಒಬ್ಬಳೇ ಹೋಗುತ್ತಾಳೆಂಬ ಭಯ ನನಗಿರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ನಮಗೆ ಧೀರಜ್ ಎಂಬ ದೊಡ್ಡ ಮಗನಿದ್ದಾನೆ. ಎರಡು ವರ್ಷದ ಹಿಂದೆ ಅವನು ಕೆಲಸ ಸಿಕ್ಕಿ ಅಟ್ಲಾಂಟಾಕ್ಕೆ ಹೊರಟಾಗಲೂ ಇವರೊಂದು ಪಟ್ಟಿ ಬರೆದುಕೊಟ್ಟಿದ್ದರು. ಗ್ರೀನ್ಸ್‌ಬರೋದಲ್ಲಿ ಊಟ, ಷಾರ್ಲಟ್ಟಿನಲ್ಲಿ ಕಾರಿಗೆ ಗ್ಯಾಸ್, ಸ್ಪಾರ್ಟನ್‌ಬರ್ಗಿನಿಂದ ಫೋನು. ಸ್ಪಾರ್ಟನ್‌ಬರ್ಗಿನ ಫೋನು ಬರಲಿಲ್ಲ. ಇವರು ಕೂತಲ್ಲಿ ಕೂರಲಾರದೆ ಸೌತ್ ಕೆರೊಲಿನಾದ ಹೆದ್ದಾರಿ ಪೊಲೀಸರಿಗೆ ಫೋನ್ ಮಾಡಿ ಕಾರಿನ ನಂಬರು ಕೊಟ್ಟರು. ಹುಡುಗ ನಿದ್ದೆ ಬಂತೆಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿಕೊಂಡು ಮಲಗಿದ್ದನಂತೆ. ಪೊಲೀಸರು ಕಿಟಕಿ ತಟ್ಟಿ ಎಬ್ಬಿಸಿ, ನಿಮ್ಮ ತಂದೆ ಹುಡುಕುತ್ತಿದ್ದಾರೆ ಎಂದರಂತೆ. ಇಪ್ಪತ್ತೆರಡು ವರ್ಷದ ಗಂಡುಮಗ. ಅವನು ಜಗಳವಾಡಲಿಲ್ಲ, ಸುಮ್ಮನೆ ಬಿಟ್ಟುಬಿಟ್ಟ. ಅಂದಿನಿಂದ ತಿಂಗಳಿಗೊಂದು ಫೋನು, ಎರಡು ನಿಮಿಷ, ಅದೂ ನನಗೆ. ನಾವು ಮಾಡಿದರೆ ಎತ್ತುವುದು ಆನ್ಸರಿಂಗ್ ಮೆಷೀನು, ಹೇಳಿದ್ದನ್ನು ಟೇಪಿಗೆ ಹಿಡಿದಿಡುವ ಡಬ್ಬ. ಮಾನ್ಯಾಳನ್ನೂ ಹೀಗೇ ಕಳೆದುಕೊಂಡರೆ ನಾನು ಎರಡು ಮೆಷೀನುಗಳ ಜೊತೆ ಮಾತಾಡಿಕೊಂಡು ಮುದುಕಿಯಾಗಬೇಕು. ನನ್ನ ಭಯ ಅಷ್ಟೇ.

“ಅವಳನ್ನ ಅವಳ ಪಾಡಿಗೆ ಬಿಡ್ರೀ,” ಎಂದೆ. ಎಷ್ಟು ಸಲ ಅಂದೆನೋ ನನಗೇ ಗೊತ್ತಿಲ್ಲ.

“ಬಿಟ್ಟಿದೀನಲ್ಲ. ಒಬ್ಳೇ ತಾನೆ ಹೋಗ್ತಿರೋದು?” ಎಂದರು ಇವರು, ಹದಿನಾಲ್ಕನೇ ಹಾಳೆಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಾ.

ಇವರಿಗೆ ಮೆಕ್ಸಿಕೊದ ಗಂಧಗಾಳಿ ಇಲ್ಲ, ಸ್ಪ್ಯಾನಿಷಿನ ಒಂದಕ್ಷರ ಬರದು. ಡಿಪೋದಲ್ಲಿ ಎರ್ನೆಸ್ಟೊ ಎಂಬ ಎಲ್ ಸಾಲ್ವಡಾರಿನ ಡ್ರೈವರಿದ್ದ, ಅವನನ್ನು ಹಿಡಿದುಕೊಂಡರು. ಅಲ್ಲಿನ ಬಸ್ಸು ಹೇಗೆ, ರಸ್ತೆ ಹೇಗೆ ಎಂದು ಒಂದು ವಾರ ಅವನ ಊಟದ ಹೊತ್ತಿನಲ್ಲೆಲ್ಲ ಅವನ ಜೀವ ತಿಂದರು. ಕೊನೆಗೆ ಅವನು, “ಮಿಸ್ಟರ್ ಮೂರ್ತಿ, ನಾನು ಮೆಕ್ಸಿಕೊ ದಾಟಿ ಬಂದದ್ದು ನಿಜ. ಆದರೆ ಟ್ರಕ್ಕಿನೊಳಗೆ, ಟೊಮೆಟೊ ಪೆಟ್ಟಿಗೆಗಳ ಹಿಂದೆ ಮಲಗಿಕೊಂಡು. ನಾನು ಏನನ್ನೂ ನೋಡಲಿಲ್ಲ,” ಎಂದನಂತೆ. ಬೇರೆಯವರಾಗಿದ್ದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಇವರು, ಎಷ್ಟು ಗಂಟೆ ಹಿಡಿಯಿತು ಎಂದು ಕೇಳಿ ಬರೆದುಕೊಂಡು ಬಂದರು! ಕೇಳಿ ನಾನು ಹಣೆ ಹಣೆ ಚಚ್ಚಿಕೊಂಡೆ.

ಹೋಟೆಲುಗಳಿಗೆ ಕಾಗದ ಬರೆಸುವುದು ಇನ್ನೊಂದು ಪ್ರಹಸನ. ಇವರು ಕನ್ನಡದಲ್ಲಿ ಹೇಳುವುದು, ಮಾನ್ಯಾ ಸ್ಪ್ಯಾನಿಷಿನಲ್ಲಿ ಬರೆಯುವುದು. ಕೋಣೆಯ ಚಿಲಕ ಒಳಗಿನಿಂದ ಭದ್ರವಿದೆಯೇ, ಪಕ್ಕದ ಕೋಣೆಯಲ್ಲಿ ಸಂಸಾರಸ್ಥರಿರುತ್ತಾರೆಯೇ, ಮ್ಯಾನೇಜರಿಗೆ ಮದುವೆಯಾಗಿದೆಯೇ ಎಂದು ಇವರು ಅರ್ಧ ಪುಟ ಹೇಳಿದರೆ ಅವಳು ಒಂದೇ ಸಾಲು ಗೀಚಿ ಕವರಿಗೆ ಹಾಕುವಳು. ಏನು ಬರೆದೆ ಎಂದು ನಾನು ಅಡುಗೆಮನೆಗೆ ಕರೆದು ಕೇಳಿದೆ. “ಬಿಸಿನೀರು ಬರುತ್ತಾ ಅಂತ ಕೇಳ್ದೆ, ಅಮ್ಮ. ದಟ್ಸ್ ಆಲ್,” ಎಂದಳು.

ಹೊರಡುವ ಹಿಂದಿನ ಶನಿವಾರ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋದೆವು. ಹೊಸ ಕಾರಿಗೆ ಪೂಜೆ ಮಾಡಿಸುವವರನ್ನು ಅಲ್ಲಿ ಬೇಕಾದಷ್ಟು ಕಂಡಿದ್ದೇನೆ. ಇವರು ಅರ್ಚನೆಯ ತಟ್ಟೆಯಲ್ಲಿ ಹಣ್ಣುಕಾಯಿಯ ಪಕ್ಕಕ್ಕೆ ಬೈಂಡರಿಟ್ಟರು! ಅರ್ಚಕರು ಒಂದು ಕೈಯಲ್ಲಿ ಎತ್ತಲಾರದೆ ಎರಡು ಕೈ ಹಚ್ಚಿದರು. ಮಗಳ ಹೆಸರು ನಕ್ಷತ್ರದ ಜೊತೆಗೆ ಬೈಂಡರಿಗೂ ಕುಂಕುಮ ಬಿತ್ತು, ಹದಿನೈದು ನಿಮಿಷಕ್ಕೊಂದರಂತೆ ಬರೆದ ಸಾಲುಗಳಿಗೆಲ್ಲ ಮಂಗಳಾರತಿಯಾಯಿತು. ಮಾನ್ಯಾ ಕಂಬದ ಮರೆಗೆ ಹೋಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ನಾನು ಗುರುತಿನವರು ಯಾರಾದರೂ ನೋಡಿಬಿಟ್ಟಾರೇನೋ ಎಂದು ಸುತ್ತ ಕಣ್ಣಾಡಿಸುತ್ತಿದ್ದೆ.

ಇನ್ನು ಫೋನಿನ ವಿಷಯ. ಕಲೆಕ್ಟ್ ಕಾಲ್ ಎಂದು ಒಂದಿದೆ. ಮಾಡಿದವರ ಬದಲು ಎತ್ತಿದವರು ದುಡ್ಡು ಕೊಡುವ ಕರೆ. ಆಪರೇಟರು ಮೊದಲು, ಇಂಥ ಹೆಸರಿನವರು ಕರೆಯುತ್ತಿದ್ದಾರೆ, ಒಪ್ಪುತ್ತೀರಾ ಎಂದು ಕೇಳುತ್ತಾಳೆ. ಒಪ್ಪದಿದ್ದರೆ ಯಾರಿಗೂ ಖರ್ಚಿಲ್ಲ. ಅರವತ್ತೊಂಬತ್ತರಲ್ಲಿ ಇವರು ನಾರ್ತ್ ಕೆರೊಲಿನಾದಲ್ಲಿ ಓದುತ್ತಿದ್ದಾಗ ಒಂದೇ ಮನೆಯಲ್ಲಿದ್ದ ನಾಲ್ಕು ಜನ ಕನ್ನಡದ ಹುಡುಗರು ಇದರಲ್ಲೊಂದು ಉಪಾಯ ಕಂಡುಕೊಂಡಿದ್ದರು. ದೂರ ಹೋದವನು ಸುಳ್ಳು ಹೆಸರಿನಲ್ಲಿ ಕಲೆಕ್ಟ್ ಕಾಲ್ ಮಾಡುವುದು. ಮನೆಯಲ್ಲಿದ್ದವನು ಹೆಸರು ಕೇಳಿಕೊಂಡು ‘ನೋ’ ಎಂದು ಇಟ್ಟುಬಿಡುವುದು. ಹೆಸರೇ ಸುದ್ದಿ. ಆಗ ಕೈಯಲ್ಲಿ ಕಾಸಿರಲಿಲ್ಲ, ಸರಿ. ಈಗ ಮನೆ ಮಠ ಎಲ್ಲ ಆದರೂ ಆ ಚಟ ಬಿಟ್ಟಿಲ್ಲ. ಆಪರೇಟರ ದನಿ ಕಿವಿಗೆ ಬಿದ್ದರೆ ಸಾಕು, ಇವರ ಬಾಯಿಂದ “ನೋ, ಥ್ಯಾಂಕ್ಯೂ” ತಾನೇ ತಾನಾಗಿ ಉದುರುತ್ತದೆ.

ಬೈಂಡರಿನ ಕೊನೆಯ ಹಾಳೆಯಲ್ಲಿ ಫೋನ್ ಮಾಡಬೇಕಾದ ತಾರೀಖುಗಳೂ ಹೆಸರುಗಳ ಪಟ್ಟಿಯೂ ಇದ್ದವು. ದತ್ತಾತ್ರೇಯ ಎಂದರೆ ಕ್ಷೇಮವಾಗಿ ಊರು ಮುಟ್ಟಿದ್ದೇನೆ. ತ್ಯಾಗರಾಜ ಎಂದರೆ ಹೊಟ್ಟೆ ಕೆಟ್ಟಿದೆ. ಬದರಿನಾಥ ಎಂದರೆ ಪಾಸ್‌ಪೋರ್ಟ್ ಕಳೆದಿದೆ. ವಿದ್ಯಾವತಿ ಎಂದರೆ ತಕ್ಷಣ ಹೊರಟು ಬಾ. ವಿದ್ಯಾವತಿ ನಮ್ಮತ್ತೆಯ ಹೆಸರು. ಅವರು ಬದುಕಿದ್ದಾಗ ಕೂಗಿದರೂ ಇವರು ಹಾಗೇ ಎದ್ದುಬಿದ್ದು ಓಡುತ್ತಿದ್ದರು.

ಮಾನ್ಯಾ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. “ಅಪ್ಪ, ನಂಗೆ ಸುಮ್ನೆ ಮಾತಾಡ್ಬೇಕು ಅನ್ಸಿದ್ರೆ? ವಾಟ್ಸ್ ದ ನೇಮ್ ಫಾರ್ ದಟ್?”

“ಅದಕ್ಯಾಕೆ ಹೆಸ್ರು? ಸುಮ್ನೆ ಮಾತಾಡೋದನ್ನ ಮನೆಗ್ ಬಂದ್ಮೇಲೆ ಮಾತಾಡು.”

“ಓಕೆ,” ಎಂದಳು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ, ಚಟ್ನಿಪುಡಿ ಕಟ್ಟುತ್ತಾ ನಿಂತಿದ್ದೆ.

ಜೂನ್ ಒಂಬತ್ತಕ್ಕೆ ನಮಗೆ ಹತ್ತಿರದ ಡಲ್ಲಸ್ ಏರ್‌ಪೋರ್ಟಿನಲ್ಲಿ ಅವಳನ್ನು ಕಳಿಸಿ ಬಂದೆವು. ಮನೆಗೆ ಬಂದು ಅವಳ ರೂಮು ಒಪ್ಪ ಮಾಡೋಣವೆಂದು ಕ್ಲಾಸೆಟ್ ತೆಗೆದರೆ, ಚಳಿಗಾಲದ ಸ್ವೆಟರುಗಳ ಕೆಳಗೆ ಕುಂಕುಮದ ಸಮೇತ ಬೈಂಡರು! ಕೊನೆಯ ಹಾಳೆಯೊಂದನ್ನು ಮಾತ್ರ ಕಿತ್ತುಕೊಂಡು ಹೋಗಿದ್ದಳು. ಕೋಪವೂ ಬಂತು, ನಗುವೂ ಬಂತು. ಇವರಿಗೆ ಹೇಳಿದರೆ ಸೂಟ್‌ಕೇಸ್ ಹಿಡಿದು ಅದೇ ಸಂಜೆ ಹೊರಡುತ್ತಾರೆ. ಬೈಂಡರನ್ನು ಬೇಸ್‌ಮೆಂಟಿಗೆ ಒಯ್ದು ಅಕ್ಕಿಚೀಲದ ಹಿಂದಕ್ಕೆ ತಳ್ಳಿದೆ.

ಇವರ ಬಳಿ ಅದರದೊಂದು ಕಾಪಿ ಇತ್ತು. ದಿನಾ ಆಫೀಸಿನಿಂದ ಬಂದು ಅದರ ಮೇಲೆ ಸ್ಕೇಲಿಟ್ಟುಕೊಂಡು ಕೂರುವರು. “ಈಗ ಮ್ಯೂಸಿಯಮ್ಮಲ್ಲಿರ್ತಾಳೆ. ಇನ್ ಹತ್ ನಿಮಿಷಕ್ಕೆ ಆಚೆ ಬರ್ತಾಳೆ, ನೋಡು,” ಎನ್ನುವರು. ನಾನು ಹೂಂಗುಟ್ಟುವೆ. ಹಾಳೆಯ ಮೇಲಿನ ಮಾನ್ಯಾ ಹೊತ್ತುಹೊತ್ತಿಗೆ ಉಂಡು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಳು, ನಿಜವಾದವಳು ಎಲ್ಲಿದ್ದಳೋ ದೇವರಿಗೇ ಗೊತ್ತು. ಫೋನು ಮಾತ್ರ ತಪ್ಪಿಸಲಿಲ್ಲ, ಪುಣ್ಯಾತ್ಗಿತ್ತಿ. ಹಾಳೆಯ ಪ್ರಕಾರ ಊರು ಬದಲಾಗುವ ದಿನಕ್ಕೆ ಸರಿಯಾಗಿ ಆಪರೇಟರು ಆ ದತ್ತಾತ್ರೇಯನನ್ನು ಮುರಿದು ಮುರಿದು ಹೇಳುವಳು. ಇವರು “ನೋ, ಥ್ಯಾಂಕ್ಯೂ!” ಎಂದು ಲಾಟರಿ ಹೊಡೆದವರಂತೆ ಕೂಗಿ ಫೋನಿಟ್ಟು ಟಿಕ್ ಹಾಕುವರು.

“ಒಂದ್ಸಲ ಎಸ್ ಅನ್ರೀ. ಅವಳ ದನಿ ಕೇಳ್ಬೇಕು ನಂಗೆ,” ಎಂದೆ ಮೂರನೆಯ ಫೋನಿನ ದಿನ.

“ಒಂದ್ಸಲ ಎಸ್ ಅಂದ್ರೆ ಸಿಸ್ಟಮ್ಮೇ ಹೋಯ್ತು ಊರ್ಮಿಳಾ.”

ಹದಿಮೂರನೆಯ ದಿನ, ಶುಕ್ರವಾರ. ಅದು ಫೋನು ಬರುವ ದಿನವೇ ಅಲ್ಲ. ಸಂಜೆ ಐದೂವರೆಗೆ ನಾನು ಹುರುಳೀಕಾಯಿ ಹೆಚ್ಚುತ್ತಿದ್ದೆ, ಫೋನ್ ಬಂತು, ಇವರು ಎತ್ತಿದರು. ಎರಡು ಸೆಕೆಂಡೂ ಆಗಿರಲಿಕ್ಕಿಲ್ಲ, “ನೋ, ಥ್ಯಾಂಕ್ಯೂ” ಎಂದು ಇಟ್ಟರು. ಇಟ್ಟವರು ಪೆನ್ಸಿಲ್ ಹಿಡಿದು ಹಾಗೇ ನಿಂತುಬಿಟ್ಟರು.

“ಯಾರ್ ಹೆಸ್ರು ಹೇಳಿದ್ಳು?” ಎಂದೆ.

“ಮಾನ್ಯಾ.”

“ಮಾನ್ಯಾ ಅಂದ್ರೆ ಏನು?”

ಇವರು ಪಟ್ಟಿಯ ಮೇಲೆ ಬೆರಳಾಡಿಸಿದರು. ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ. “ಲಿಸ್ಟಲ್ಲಿಲ್ಲ,” ಎಂದರು.

“ಲಿಸ್ಟಲ್ಲಿ ಯಾಕಿರುತ್ತೇರೀ? ಅದು ನಿಮ್ ಮಗಳ ಹೆಸ್ರು!”

ಬಾಯಿಗೆ ಬಂದ ಹಾಗೆ ಬಯ್ದೆ. ಇಪ್ಪತ್ತೈದು ವರ್ಷದಿಂದ ನುಂಗಿದ್ದೆಲ್ಲ ಬಂತು, ನಯಾಗರವೂ ಬಂತು. ಇವರು ಹದಿಮೂರನೇ ಹಾಳೆಯಲ್ಲಿದ್ದ ಓಹಾಕಾ ಊರಿನ ಹೋಟೆಲಿಗೆ ಫೋನ್ ಮಾಡಿದರು. ಅಲ್ಲಿದ್ದ ಮನುಷ್ಯ ಅವನಿಗೆ ಬರುವಷ್ಟು ಇಂಗ್ಲಿಷಿನಲ್ಲಿ, ಆ ಹೆಸರಿನವರು ಯಾರೂ ಇಲ್ಲಿಗೆ ಬಂದಿಲ್ಲ ಎಂದ. “ಶೀಟ್ ಪ್ರಕಾರ ಮೊನ್ನೇನೇ ಅಲ್ಲಿಗ್ ಹೋಗಿರ್ಬೇಕು,” ಎಂದು ಇವರು ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬೇಸ್‌ಮೆಂಟಿಗೆ ಹೋಗಿ ಬೈಂಡರನ್ನು ತಂದು ಟೇಬಲ್ಲಿನ ಮೇಲೆ ಧೊಪ್ಪನೆ ಹಾಕಿದೆ.

ಇವರು ರಟ್ಟಿನ ಮೇಲಿನ ಕುಂಕುಮವನ್ನೇ ನೋಡಿದರು. “ತಗೊಂಡೇ ಹೋಗಿಲ್ವಾ?”

“ಇಲ್ಲ.”

“ನಿಂಗೆ ಗೊತ್ತಿತ್ತಾ?”

“ಮೊದಲನೇ ದಿನದಿಂದ.”

ಕೂಗಾಡುತ್ತಾರೆ ಎಂದು ನಾನೂ ಸೊಂಟ ಕಟ್ಟಿ ನಿಂತೆ. ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತು, “ಹಾಗಾದ್ರೆ ಅವಳು ಎಲ್ಲಿದಾಳೆ, ಊರ್ಮಿಳಾ?” ಎಂದರು. ಮದುವೆಯಾದ ಮೇಲೆ ಇವರು ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನನ್ನನ್ನು ಕೇಳಿದ್ದು ಅದೇ ಮೊದಲು. ಆಮೇಲೆ ಎದ್ದು ಹೋಗಿ ಸೂಟ್‌ಕೇಸು ತಂದರು, ಶೂ ಹಾಕಿಕೊಂಡರು.

“ಯಾವೂರಿಗೆ ಹೋಗ್ತೀರಿ?” ಎಂದೆ. ಇವರು ಲೇಸು ಬಿಗಿಯುತ್ತಿದ್ದರು. “ಹೋಗಿ, ಹೋಗಿ. ಇವಳನ್ನೂ ಪೊಲೀಸರ ಹತ್ರ ಹುಡುಕ್ಸಿ. ಇವಳೂ ಅಣ್ಣನ ಥರ ಮೆಷೀನ್ ಇಟ್ಕೊಳ್ಳಲಿ.”

ಅನ್ನಬಾರದಿತ್ತು, ಅಂದುಬಿಟ್ಟೆ. ಇವರ ಮುಖ ನೋಡಲಾಗಲಿಲ್ಲ. ಸೂಟ್‌ಕೇಸನ್ನು ಬಾಗಿಲ ಬಳಿಯೇ ಬಿಟ್ಟು, ಕುರ್ಚಿಯನ್ನು ಫೋನಿನ ಪಕ್ಕಕ್ಕೆ ಎಳೆದುಕೊಂಡು ಕೂತರು, ಶೂ ಕೂಡ ಬಿಚ್ಚಲಿಲ್ಲ.

ಆ ರಾತ್ರಿಯ ವಿಷಯ ಬರೆಯುವುದಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಇವರು ಕಿತ್ತುಕೊಂಡಂತೆ ಎತ್ತಿದರು. ನಾನು ಅಡುಗೆಮನೆಗೆ ಓಡಿ ಅಲ್ಲಿದ್ದ ಇನ್ನೊಂದು ಫೋನು ಎತ್ತಿ, ಇವರು ಕಾಣುವಂತೆ ಬಾಗಿಲಲ್ಲಿ ನಿಂತು ಕಿವಿಗಿಟ್ಟುಕೊಂಡೆ. ಆಪರೇಟರು ಕಷ್ಟಪಟ್ಟು ಹೇಳುತ್ತಿದ್ದಳು, ದ, ತ್ತಾ, ತ್ರೇ… ಜೀವ ಬಂತು ನನಗೆ. ಕ್ಷೇಮ. ಪದ್ಧತಿಯ ಪ್ರಕಾರ ಇನ್ನೇನು, ‘ನೋ’ ಎಂದು ಇಟ್ಟು ಟಿಕ್ ಹಾಕುವುದೊಂದೇ ಬಾಕಿ.

“ಎಸ್,” ಎಂದರು ಇವರು, ಅವಳು ಹೆಸರು ಮುಗಿಸುವ ಮೊದಲೇ. “ಎಸ್, ಎಸ್. ಐ ಆಕ್ಸೆಪ್ಟ್. ಎಸ್.”

“ಅಪ್ಪ?” ಮಾನ್ಯಾಳ ದನಿ. “ವಾಟ್ ಆರ್ ಯೂ ಡೂಯಿಂಗ್? ನೀನು ನೋ ಅನ್ಬೇಕು! ದತ್ತಾತ್ರೇಯ ಇಸ್ ದ ಗುಡ್ ಒನ್!”

“ಗೊತ್ತು ಕಣಮ್ಮ,” ಎಂದರು. “ನಿನ್ನೆ ಯಾಕ್ ಮಾಡಿದ್ದೆ? ಏನಾಗಿತ್ತು?”

“ನಥಿಂಗ್. ಸುಮ್ನೆ ಮಾಡ್ದೆ. ಪ್ಲಾಜಾದಲ್ಲಿ ಕೂತಿದ್ದೆ, ಎಲ್ಲಾರೂ ಅವರವರ ಫ್ಯಾಮಿಲಿ ಜೊತೆ ಬಂದಿದ್ರು. ಎರಡು ವಾರದಿಂದ ನಾನು ಕನ್ನಡ ಮಾತಾಡೇ ಇಲ್ಲ. ಐ ಜಸ್ಟ್ ವಾಂಟೆಡ್ ಟು ಟಾಕ್.” ಆಮೇಲೆ ದನಿ ತಗ್ಗಿಸಿದಳು. “ನಂಗೆ ಕೇಳಿಸ್ತು, ಅಪ್ಪ. ಅವಳು ನನ್ನ ಹೆಸರು ಹೇಳಿದಳು, ನೀನು ನೋ ಅಂದೆ. ಸೋ ಫಾಸ್ಟ್.”

ನಾನು ಸೆರಗು ಬಾಯಿಗೊತ್ತಿಕೊಂಡೆ. ಖರ್ಚಿನ ಕರೆಯಲ್ಲಿ ನಿಮಿಷಗಳು ಖಾಲಿ ಖಾಲಿ ಹೋಗುತ್ತಿದ್ದವು, ಇವರು ಗಡಿಯಾರ ನೋಡಲಿಲ್ಲ.

“ತಪ್ಪಾಯ್ತು, ಪುಟ್ಟಿ,” ಎಂದರು ಇವರು.

“ಇಟ್ಸ್ ಓಕೆ. ಅಪ್ಪ, ನಾನೂ ಒಂದು ಹೇಳ್ಬೇಕು. ಆ ಬೈಂಡರ್…”

“ಇಲ್ಲೇ ಟೇಬಲ್ ಮೇಲಿದೆ.”

“ಓ ನೋ. ಆರ್ ಯೂ ಕಮಿಂಗ್ ಟು ಗೆಟ್ ಮೀ?”

ಇವರು ಬಾಗಿಲ ಬಳಿಯ ಸೂಟ್‌ಕೇಸಿನ ಕಡೆ ನೋಡಿದರು. “ಇಲ್ಲ. ಇಪ್ಪತ್ತೊಂಬತ್ತಕ್ಕೆ ಡಲ್ಲಸಿಗೆ ಬರ್ತೀನಿ. ಊಟ ಮಾಡಿದ್ಯಾ?”

ಏನು ತಿಂದಳು, ಎಲ್ಲಿದ್ದಾಳೆ, ಯಾವ ಬಸ್ಸು ಹತ್ತಿ ಯಾವ ಊರಿಗೆ ಹೋಗಿ ಇಳಿದಳು ಎಂದು ಅವಳು ಹೇಳುತ್ತಾ ಹೋದಳು. ಆ ಊರಿನ ಹೆಸರು ಇಪ್ಪತ್ತೊಂದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಇವರು ಬರೆದುಕೊಳ್ಳಲೂ ಇಲ್ಲ. ನಾನೂ ನಡುನಡುವೆ ಬಾಯಿ ಹಾಕಿದೆ. ಫೋನಿಟ್ಟ ಮೇಲೆ ಇವರು ಪಟ್ಟಿ ತೆಗೆದು ವಿದ್ಯಾವತಿಯ ಕೆಳಗೆ ಸ್ಕೇಲಿಟ್ಟು ಒಂದು ಗೆರೆ ಎಳೆದು, ‘ಮಾನ್ಯಾ: ಸುಮ್ಮನೆ’ ಎಂದು ದುಂಡಗೆ ಬರೆದರು. ಈ ಮನುಷ್ಯನಿಗೆ ಅದಕ್ಕೂ ಸ್ಕೇಲು ಬೇಕು.

ಆಮೇಲೆ, ನಾನು ಏನೂ ಹೇಳದಿದ್ದರೂ, ಅಟ್ಲಾಂಟಾದ ನಂಬರು ಒತ್ತಿದರು. ಮೆಷೀನು ಎತ್ತಿಕೊಂಡಿತು. “ಧೀರಜ್, ಅಪ್ಪ ಕಣೋ,” ಎಂದರು. “ಏನಿಲ್ಲ. ಸುಮ್ನೆ ಮಾಡ್ದೆ.” ಮುಂದೇನು ಹೇಳಬೇಕೋ ತಿಳಿಯದೆ, ಮೆಷೀನು ತಾನೇ ಕಟ್ ಆಗುವವರೆಗೂ ಫೋನ್ ಹಿಡಿದು ನಿಂತಿದ್ದರು.

ಹತ್ತು ನಿಮಿಷವಾಗಿರಲಿಲ್ಲ, ಮತ್ತೆ ಫೋನು. ನಾನು ಎತ್ತಿದೆ.

“ಅಮ್ಮ?” ಧೀರಜ್ ಏದುಸಿರು ಬಿಡುತ್ತಿದ್ದ. “ಅಪ್ಪಂಗೆ ಏನಾಯ್ತು? ಇಸ್ ಹೀ ಇನ್ ದ ಹಾಸ್ಪಿಟಲ್? ಸುಮ್ನೆ ಮಾಡ್ದೆ ಅಂತ ಮೆಸೇಜ್ ಇದೆ!”

ಅಪ್ಪ ಸುಮ್ಮನೆ ಫೋನ್ ಮಾಡಿದರೆ ನನ್ನ ಮಗನಿಗೆ ಮೊದಲು ನೆನಪಾದದ್ದು ಆಸ್ಪತ್ರೆ. ನನಗೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ.

“ಏನೂ ಆಗಿಲ್ಲ ಕಣೋ. ತಗೋ, ಇಲ್ಲೇ ಇದಾರೆ,” ಎಂದು ಫೋನನ್ನು ಇವರ ಕೈಗೆ ಕೊಟ್ಟು, ನಿನ್ನೆ ಅರ್ಧ ಹೆಚ್ಚಿಟ್ಟಿದ್ದ ಹುರುಳೀಕಾಯಿ ತೆಗೆದುಕೊಂಡು ಕೂತೆ.